ಗುಂಡಿ ಪಕ್ಕದ ಕುರ್ಚಿ

ಪತ್ರಿಕೆಯಲ್ಲಿ ಅಚ್ಚಾದದ್ದೆಲ್ಲ ನಿಜ ಎಂದು ನಂಬುವವರು ಆ ಊರಿನಲ್ಲಿ ಇಬ್ಬರೇ ಉಳಿದಿದ್ದರು. ಒಬ್ಬರು ಸಂಜೆ ಪತ್ರಿಕೆಯ ಸಂಪಾದಕರು, ಇನ್ನೊಬ್ಬರು ಪುರಸಭೆಯ ಓವರ್‌ಸಿಯರ್. ಸಂಪಾದಕರ ನಂಬಿಕೆಯಿಂದ ಯಾರಿಗೂ ತೊಂದರೆಯಿರಲಿಲ್ಲ, ಅವರದೇ ಪತ್ರಿಕೆ, ನಂಬಿಕೊಳ್ಳಲಿ. ಓವರ್‌ಸಿಯರ್ ನಂಬಿದ್ದರಿಂದ ಮಾತ್ರ ಟೈಲರ್ ಅಂಗಡಿ ಬೀದಿಯ ತಿರುವಿನಲ್ಲಿ ಸೊಂಟದಾಳದ ಗುಂಡಿಯೊಂದು ಬಾಯಿ ತೆರೆದುಕೊಂಡೇ ಉಳಿಯಿತು.

ಚರಂಡಿಯ ಮೇಲಿನ ಕಲ್ಲುಚಪ್ಪಡಿ ಮುರಿದು ಒಳಗೆ ಬಿದ್ದು ಆದ ಗುಂಡಿ ಅದು. ಅದರ ಸುದ್ದಿ ಬರೆದವಳು ಪುಟ್ಟಿ. ತಲೆಯಲ್ಲಿ ಅಲ್ಲಲ್ಲಿ ಬಿಳಿಕೂದಲು ಇಣುಕುವ ಹೆಂಗಸನ್ನು ಪುಟ್ಟಿ ಎನ್ನುವುದು ಸರಿಯಲ್ಲ, ನಿಜ. ಆಫೀಸಿನಲ್ಲಿ ಅವಳು ಮೇಡಂ. ಆದರೆ ಅವಳ ಅಮ್ಮ ಇಡೀ ಬೀದಿಗೆ ಕೇಳಿಸುವಂತೆ ಪುಟ್ಟಿ ಎಂದೇ ಕೂಗುವುದರಿಂದ ಬೀದಿಯೂ ಹಾಗೇ ಕರೆಯುತ್ತದೆ. ನಾವು ಹೊಸದಾಗಿ ಮರ್ಯಾದೆ ತೋರಿಸಲು ಹೋದರೆ ಅವಳಿಗೇ ಗಾಬರಿಯಾದೀತು. ಪತ್ರಿಕೆಯಲ್ಲಿ ರಾಜಕೀಯ, ಸಿನಿಮಾ, ಆಟೋಟಗಳನ್ನು ಗಂಡಸರು ಹಂಚಿಕೊಂಡ ಮೇಲೆ ಉಳಿದ ಚರಂಡಿ, ಸೊಳ್ಳೆ, ಜ್ವರ, ಕುಡಿಯುವ ನೀರು, ಬೀದಿದೀಪಗಳು ಅವಳ ಪಾಲಿಗೆ ಬಂದಿದ್ದವು. ಅವಳಿಗೆ ಬೇಸರವಿರಲಿಲ್ಲ. ಮಂತ್ರಿಗಳು ಬಂದು ಹೋಗುತ್ತಾರೆ, ಸೊಳ್ಳೆ ಎಲ್ಲಿಗೂ ಹೋಗುವುದಿಲ್ಲ ಎನ್ನುತ್ತಿದ್ದಳು.

ಗುಂಡಿಯನ್ನು ಮೊದಲು ಕಂಡದ್ದು ಅಮ್ಮ. ಕೂದಲು ಕಪ್ಪಿದ್ದಾಗ ಸರ್ಕಾರಿ ಆಸ್ಪತ್ರೆಗೆ ನರ್ಸಾಗಿ ಸೇರಿ, ಪೂರ್ತಿ ಬೆಳ್ಳಗಾದ ಮೇಲೆ ಹೊರಗೆ ಬಂದವರು. ಬೀದಿಯವರಿಗೆ ಅವರು ಸಿಸ್ಟರಮ್ಮ. ನಿವೃತ್ತಿಯಾದ ಹೊಸತರಲ್ಲಿ ಮನೆಯ ಚಮಚಗಳನ್ನೆಲ್ಲ ಕುದಿಯುವ ನೀರಿಗೆ ಹಾಕಿದರು. ಹಾಸಿಗೆಯ ಹೊದಿಕೆಗಳನ್ನು ವಾರ್ಡಿನ ರೀತಿಯಲ್ಲಿ ಮೂಲೆ ಮಡಚಿ ಎಷ್ಟು ಬಿಗಿದರೆಂದರೆ ರಾತ್ರಿ ಕಾಲು ತೂರಿಸಲು ಪುಟ್ಟಿ ಗುದ್ದಾಡಬೇಕಾಯಿತು. ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಕಿಟಕಿಯ ಪಕ್ಕ ಕುಳಿತರು. ಮೆಲ್ಲಮೆಲ್ಲಗೆ ಮಾತು ಕಡಿಮೆಯಾಯಿತು, ಕೊನೆಗೆ ಮಗಳನ್ನು ಬೈಯುವುದನ್ನೂ ಬಿಟ್ಟರು. ಪುಟ್ಟಿಗೆ ನಿಜವಾಗಿ ಹೆದರಿಕೆಯಾದದ್ದು ಆಗ. ಹುಟ್ಟಿದಂದಿನಿಂದ ಬೈಸಿಕೊಂಡೇ ಬೆಳೆದವಳಿಗೆ ಆ ಮೌನ ಕಾಯಿಲೆಯಂತೆ ಕಾಣುತ್ತಿತ್ತು. ಆಫೀಸಿನಿಂದ ಬರುವಾಗ, ಇವತ್ತು ಅಮ್ಮ ಯಾವುದಕ್ಕಾದರೂ ರೇಗಲಿ ಎಂದು ಬೇಡಿಕೊಂಡು ಮೆಟ್ಟಿಲು ಹತ್ತುತ್ತಿದ್ದಳು.

ಅಂಥ ಒಂದು ಸಂಜೆ ಅಮ್ಮ ಕಿಟಕಿಯಿಂದ ಮುಖ ತಿರುಗಿಸದೆ, "ತಿರುವಿನಲ್ಲಿ ಚಪ್ಪಡಿ ಮುರಿದಿದೆ. ಯಾರಾದ್ರೂ ಬಿದ್ದು ಕಾಲು ಮುರ್ಕೋತಾರೆ, ನೋಡ್ತಿರು," ಎಂದರು.

ಆ ವಾರದಲ್ಲಿ ಅವರಾಡಿದ ಅತಿ ಉದ್ದದ ಮಾತು ಅದು. ಪುಟ್ಟಿ ಖುಷಿಯಿಂದ ಓಡಿಹೋಗಿ ಗುಂಡಿ ನೋಡಿಕೊಂಡು ಬಂದು, ಮರುದಿನವೇ ಸುದ್ದಿ ಬರೆದುಕೊಟ್ಟಳು. ಫೋಟೋ ತೆಗೆಯುವ ಕೆಲಸ ಫ್ಲ್ಯಾಶ್‌ನದು. ಛಾಯಾಗ್ರಾಹಕನಿಗೆ ಆ ಅಡ್ಡಹೆಸರು ಇಟ್ಟದ್ದು ಅವನ ವೇಗವನ್ನು ಕಂಡಲ್ಲ, ಕರೆದಾಗಲೆಲ್ಲ ಮಿಂಚಿ ಮಾಯವಾಗುತ್ತಾನೆಂದು. ಬಿಸಿಲಿನಲ್ಲಿ ಆ ಬೀದಿಯವರೆಗೆ ಯಾರು ಹೋಗುತ್ತಾರೆ ಎಂದುಕೊಂಡು ಅವನು ತನ್ನ ಮನೆಯ ಮುಂದೆಯೇ ಇದ್ದ ಇನ್ನೊಂದು ಮುರಿದ ಚಪ್ಪಡಿಯ ಪಕ್ಕ, ಅಳತೆ ಗೊತ್ತಾಗಲಿ ಎಂದು ತನ್ನ ಚಪ್ಪಲಿಯನ್ನೇ ಇಟ್ಟು, ಫೋಟೋ ತೆಗೆದು ಕಳಿಸಿದ.

ಪತ್ರಿಕೆ ಬಂತು. ಅಮ್ಮ ಕನ್ನಡಕ ಏರಿಸಿ ನೋಡಿದರು. "ಇದು ನಮ್ಮ ಗುಂಡಿ ಅಲ್ಲ."

"ಏನಮ್ಮಾ, ಗುಂಡಿಗೂ ಗುರುತು ಇರುತ್ತಾ?"

"ನಮ್ಮ ಗುಂಡಿ ಹಿಂದೆ ನೀಲಿ ಗೇಟ್ ಎಲ್ಲಿದೆ? ಟೈಲರ್ ಅಂಗಡಿ ಗೋಡೆ ಇದೆ."

ಪುಟ್ಟಿ ಫೋಟೋವನ್ನು ಮತ್ತೆ ನೋಡಿದಳು. ನೀಲಿ ಗೇಟನ್ನೂ ಚಪ್ಪಲಿಯನ್ನೂ ಅವಳು ಬಲ್ಲಳು. ಮರುದಿನ ಆಫೀಸಿನಲ್ಲಿ ಅವಳು ಬಾಯಿ ತೆರೆಯುವ ಮೊದಲೇ ಫ್ಲ್ಯಾಶ್ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಂಡ. "ನನ್ನ ಮನೆ ಮುಂದಿನದು ಅಂತ ಯಾರು ಹೇಳಿದ್ರು ಮೇಡಂ? ಅಲ್ಲದೆ, ಗುಂಡಿ ಅಂದ್ಮೇಲೆ ಗುಂಡಿ. ಅದಕ್ಕೇನು ಮೂಗು ಬಾಯಿ ಇರುತ್ತಾ?"

ಪುರಸಭೆಗೆ ಮಾತ್ರ ಮೂಗು ಬಾಯಿ ಬೇಕು. ಅಲ್ಲಿ ಒಂದು ಪದ್ಧತಿಯಿತ್ತು. ದುರಸ್ತಿಗೆ ಮೊದಲಿನ ಫೋಟೋ ಒಂದು, ದುರಸ್ತಿಯಾದ ಮೇಲಿನದು ಒಂದು, ಎರಡೂ ಒಂದೇ ಜಾಗದವು ಎಂದು ಕಣ್ಣಿಗೆ ಕಾಣಬೇಕು. ಆಗಲೇ ಕಡತ ಮುಗಿಯುವುದು. ಮೊದಲಿನ ಫೋಟೋ ಪತ್ರಿಕೆಯೇ ಕೊಟ್ಟಿದೆಯಲ್ಲ ಎಂದು ಓವರ್‌ಸಿಯರ್ ಸಂತೋಷದಿಂದ ಅದನ್ನು ಕತ್ತರಿಸಿ ಅಂಟಿಸಿದರು, ನೀಲಿ ಗೇಟನ್ನು ಹುಡುಕಿಸಿದರು, ಹೊಸ ಚಪ್ಪಡಿ ಹಾಕಿಸಿದರು, ಫೋಟೋ ತೆಗೆಸಿದರು. ಫ್ಲ್ಯಾಶ್‌ನ ಹೆಂಡತಿ ಅಂದು ಮೊದಲ ಬಾರಿಗೆ ಗಂಡನ ಉದ್ಯೋಗವನ್ನು ಹೊಗಳಿದಳಂತೆ.

ಪುಟ್ಟಿ ಪುರಸಭೆಗೆ ಹೋದಳು. ಓವರ್‌ಸಿಯರ್ ಕೆಟ್ಟವರಲ್ಲ. ಚಹಾ ತರಿಸಿದರು, ಕಡತ ತೆರೆದು ತೋರಿಸಿದರು.

"ನೋಡಿ ಮೇಡಂ, ಫೋಟೋಗೆ ಫೋಟೋ ತಾಳೆ ಆಗಿದೆ. ಟೈಲರ್ ಅಂಗಡಿ ಬೀದಿ ಗುಂಡಿ, ಮುಚ್ಚಲಾಗಿದೆ."

"ಸರ್, ನಾನು ಇವತ್ತು ಬೆಳಿಗ್ಗೆ ಅದನ್ನ ದಾಟಿಕೊಂಡೇ ಬಂದೆ. ತೆರೆದೇ ಇದೆ."

"ಇರಬಹುದು. ಆದರೆ ಮುಚ್ಚಿದೆ."

"ಎರಡೂ ಹೇಗೆ ಸರ್ ಆಗುತ್ತೆ?"

"ಕಣ್ಣಿಗೆ ತೆರೆದಿದೆ, ಕಡತದಲ್ಲಿ ಮುಚ್ಚಿದೆ. ಮುಚ್ಚಿದ ಗುಂಡಿಗೆ ಇನ್ನೊಂದು ಚಪ್ಪಡಿ ಕೊಟ್ಟರೆ ಮೇಲಿನವರು ನನ್ನ ಕಿವಿ ಹಿಂಡ್ತಾರೆ. ನಿಮ್ಮ ಪೇಪರ್‌ನಲ್ಲೇ, ಫೋಟೋ ತಪ್ಪಾಗಿತ್ತು ಅಂತ ಒಂದು ಸಾಲು ಹಾಕಿಬಿಡಿ. ನಾಳೆನೇ ಹೊಸ ಕಡತ ಮಾಡ್ತೀನಿ."

ಒಂದು ಸಾಲು! ಸಂಪಾದಕರ ಹತ್ತಿರ ಅವರ ಒಂದು ಮೂತ್ರಪಿಂಡ ಕೇಳಿದ್ದರೂ ಅವರು ಅಷ್ಟು ಬೆಚ್ಚುತ್ತಿರಲಿಲ್ಲ. ಅವರ ಪತ್ರಿಕೆ ಹುಟ್ಟಿದಂದಿನಿಂದ ತಿದ್ದುಪಡಿ ಹಾಕಿರಲಿಲ್ಲ. ಬದುಕಿದ್ದವರು ಸತ್ತರೆಂದು ಒಮ್ಮೆ ಅಚ್ಚಾಗಿ, ಸತ್ತವರೇ ಆಫೀಸಿಗೆ ಬಂದು ಜಗಳವಾಡಿದಾಗಲೂ ಹಾಕಿರಲಿಲ್ಲ. "ಸ್ವಲ್ಪ ಕಾಯಿರಿ, ಸುದ್ದಿ ತಾನಾಗಿ ನಿಜ ಆಗುತ್ತೆ," ಎಂದು ಆ ಮನುಷ್ಯನನ್ನು ಸಮಾಧಾನ ಮಾಡಿ ಕಳಿಸಿದ್ದರು. ಈಗಲೂ ಅದೇ ಮುಖ ಮಾಡಿಕೊಂಡು, "ಒಂದು ತಪ್ಪು ಒಪ್ಪಿಕೊಂಡ್ರೆ ಜನ ಹಳೇದನ್ನೆಲ್ಲ ಕೆದಕ್ತಾರೆ," ಎಂದರು.

ರಾತ್ರಿ ಊಟಕ್ಕೆ ಕುಳಿತಾಗ ಪುಟ್ಟಿ ಅಮ್ಮನಿಗೆ ಇದೆಲ್ಲ ಹೇಳಿದಳು. ಅಮ್ಮ ತುತ್ತು ಕೆಳಗಿಟ್ಟರು. ಕಿವಿಯ ತುದಿ ಕೆಂಪಾಯಿತು.

"ನಿನ್ನನ್ನ ಓದಿಸಿದ್ದು ಇದಕ್ಕಾ? ಒಂದು ಗುಂಡೀನ ನೆಟ್ಟಗೆ ತೋರಿಸೋಕಾಗಲ್ಲ ನಿಮ್ಮ ಪೇಪರ್‌ಗೆ. ಅದೇನು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ, ಇದೆ ಅಂತೆ, ಇಲ್ಲ ಅಂತೆ! ನೀವು ಮಾಡದಿದ್ರೆ ಬಿಡಿ. ನಾನು ಹೋಗಿ ಕೂತ್ಕೋತೀನಿ."

ಬೈದರು! ಪುಟ್ಟಿಗೆ ಕಣ್ಣು ತುಂಬಿ ಬಂತು. ಅಮ್ಮ ಅದನ್ನು ಪಶ್ಚಾತ್ತಾಪ ಎಂದುಕೊಂಡರು.

ಬೆಳಿಗ್ಗೆ ಅಮ್ಮ ಮಡಚುವ ಕುರ್ಚಿಯೊಂದನ್ನು ಕಂಕುಳಲ್ಲಿ ಇರುಕಿಕೊಂಡು ಹೋಗಿ ಗುಂಡಿಯ ಪಕ್ಕ ಕುಳಿತರು. ಬಂದುಹೋಗುವವರಿಗೆಲ್ಲ, "ಈ ಕಡೆ ಬನ್ನಿ, ಆ ಕಡೆ ಗುಂಡಿ," ಎಂದು ಹೇಳುವುದು ಕೆಲಸ. ಅಷ್ಟಕ್ಕೇ ನಿಂತಿದ್ದರೆ ಈ ಕಥೆಯೂ ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಪಕ್ಕದ ಅಂಗಡಿಯ ಟೈಲರ್ ಹೊಲಿಗೆ ಮೆಷಿನ್ನಿನಿಂದ ಎದ್ದು ಬಂದು, ಸಿಸ್ಟರಮ್ಮ ಬಿಸಿಲಲ್ಲಿ ಕುಳಿತಿದ್ದಾರಲ್ಲ ಎಂದು ಕೊಡೆ ಹಿಡಿದ. ಕೊಡೆ ಹಿಡಿದವನ ಮುಖವನ್ನು ಅವರು ಹತ್ತಿರದಿಂದ ಕಂಡರು.

"ತಲೆ ಹಿಂಭಾಗ ನೋಯುತ್ತಾ?"

"ಅದು ಯಾವಾಗ್ಲೂ ಇದ್ದದ್ದೇ ಅಮ್ಮ. ಬಗ್ಗಿ ಹೊಲೀತೀನಲ್ಲ."

ಅಮ್ಮ ಮನೆಗೆ ಹೋಗಿ, ವಾರ್ಡಿನವರು ಬೀಳ್ಕೊಡುಗೆಗೆ ಕೊಟ್ಟಿದ್ದ ಬಿಪಿ ನೋಡುವ ಯಂತ್ರವನ್ನು ಕಪಾಟಿನಿಂದ ತೆಗೆದು ತಂದರು. ಅದು ಅಲ್ಲಿಯವರೆಗೆ ರೇಷ್ಮೆ ಸೀರೆಗಳ ಕೆಳಗೆ ಮಲಗಿತ್ತು. ಟೈಲರನ ತೋಳಿಗೆ ಪಟ್ಟಿ ಸುತ್ತಿ, ರಬ್ಬರ್ ಉಂಡೆ ಒತ್ತಿ, ಪಾದರಸ ಇಳಿಯುವುದನ್ನೇ ನೋಡುತ್ತಾ ಕುಳಿತರು. ಒಂದು ಸಲ, ಎರಡನೆಯ ಸಲ. ಆಮೇಲೆ ತಣ್ಣಗೆ, "ಅಂಗಡಿ ಬಾಗಿಲು ಹಾಕು. ಈಗಲೇ ಆಸ್ಪತ್ರೆಗೆ ಹೊರಡು," ಎಂದರು. ಟೈಲರನಿಗೆ ಕಾಯಿಲೆಯ ಹೆದರಿಕೆ ಇರಲಿಲ್ಲ, ಸಿಸ್ಟರಮ್ಮನ ಹೆದರಿಕೆ ಇತ್ತು. ಹೋದ. ಸಂಜೆ ಮಾತ್ರೆಯ ಪೊಟ್ಟಣದೊಂದಿಗೆ ವಾಪಸು ಬಂದವನು ಬೀದಿಗೆಲ್ಲ ಹೇಳಿದ್ದು ಒಂದೇ ಮಾತು: "ಡಾಕ್ಟ್ರು ಕೇಳಿದ್ರು, ನೀನು ಇಷ್ಟು ದಿನ ನಡೆದಾಡಿಕೊಂಡು ಹೇಗಿದ್ದೆ ಅಂತ!"

ಇಂಥ ಸುದ್ದಿಗೆ ಪತ್ರಿಕೆ ಬೇಕಿಲ್ಲ. ಮರುದಿನ ಗುಂಡಿಯ ಪಕ್ಕ ಅಂಗಿಯ ತೋಳು ಮಡಚಿಕೊಂಡು ಜನ ನಿಂತರು. ಹಾಲು ಹಾಕುವವನು ಬಂದ, ಊದಿದ ಕಾಲಿನ ಅಜ್ಜಿ ಬಂದರು, ಶಾಲೆಯ ಮೇಷ್ಟ್ರು ತಮಗೇನೂ ಇಲ್ಲ ಎಂದು ಮೊದಲೇ ಹೇಳಿಕೊಂಡು ಬಂದರು. ಟೈಲರ್ ಅಂಗಡಿಯಿಂದ ಒಂದು ಸ್ಟೂಲು ತಂದಿಟ್ಟ. ಅಮ್ಮ ಯಾರಿಗೂ ಔಷಧಿ ಹೇಳುತ್ತಿರಲಿಲ್ಲ. ಬಿಪಿ ಹೆಚ್ಚಿದ್ದವರನ್ನು ಆಸ್ಪತ್ರೆಗೆ ಅಟ್ಟುತ್ತಿದ್ದರು, ಉಳಿದವರನ್ನು ಬೈಯುತ್ತಿದ್ದರು. ಉಪ್ಪು ತಿನ್ನುವವರಿಗೆ ಬೈಗುಳ, ನಿದ್ದೆಗೆಡುವವರಿಗೆ ಬೈಗುಳ, ಮಾತ್ರೆ ಅರ್ಧಕ್ಕೆ ಬಿಟ್ಟವರಿಗೆ ನಿಂತಲ್ಲೇ ಮಂಗಳಾರತಿ. ಜನ ಬೈಸಿಕೊಂಡು ಹಗುರಾಗಿ ಹೋಗುತ್ತಿದ್ದರು.

ಪುಟ್ಟಿ ಸಂಜೆ ಬರುವ ಹೊತ್ತಿಗೆ ಅಮ್ಮನ ಬಾಯಿ ನಿಲ್ಲುತ್ತಿರಲಿಲ್ಲ. "ಆ ಮೇಷ್ಟ್ರು ಇದಾರಲ್ಲ, ಬಿಪಿ ನೋಡುವಾಗ ಉಸಿರು ಬಿಗಿಹಿಡೀತಾರೆ ಕಣೇ, ಮಾರ್ಕ್ಸ್ ಜಾಸ್ತಿ ಬರ್ಲಿ ಅಂತ!" ಎಂದು ನಗುತ್ತಾ ಅನ್ನ ಬಡಿಸುತ್ತಿದ್ದರು. ಅಮ್ಮ ನಕ್ಕದ್ದನ್ನು ಪುಟ್ಟಿ ಯಾವ ಕಾಲದಲ್ಲಿ ಕಂಡಿದ್ದಳೋ. ಹೊದಿಕೆಗಳು ಮತ್ತೆ ಸಡಿಲವಾದವು, ಅವಳು ಕಾಲು ಚಾಚಿ ಮಲಗಿದಳು.

ಗುಂಡಿಯ ಪಕ್ಕಕ್ಕೆ ಬಂದವರಲ್ಲಿ ಸಂಪಾದಕರ ಹೆಂಡತಿಯೂ ಒಬ್ಬರು. ತೋಳು ಕೊಟ್ಟು ಕುಳಿತಿದ್ದಾಗ ಗುಂಡಿಯ ಕಥೆ ಪೂರ್ತಿ ಕೇಳಿಸಿಕೊಂಡರು. ಅವರ ಮನೆಯಲ್ಲಿ ಅಂದು ಏನು ನಡೆಯಿತೋ, ಮರುದಿನ ಸಂಪಾದಕರು ಪುಟ್ಟಿಯನ್ನು ಕರೆದರು.

"ನೋಡಮ್ಮ, ತಿದ್ದುಪಡಿ ಅಂತ ಹಾಕಲ್ಲ. 'ಹೆಚ್ಚಿನ ವಿವರ' ಅಂತ ಹಾಕೋಣ. ನಿಜವಾದ ಗುಂಡಿ ಟೈಲರ್ ಅಂಗಡಿ ಗೋಡೆ ಪಕ್ಕ ಇದೆ ಎಂದು ಹೆಚ್ಚಿನ ವಿವರ ಲಭ್ಯವಾಗಿದೆ. ಹೇಗೆ?"

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗದ ಏರ್ಪಾಡು. ಹಿಂದಿನ ವಾರವಾಗಿದ್ದರೆ ಪುಟ್ಟಿ ಕುಣಿಯುತ್ತಿದ್ದಳು. ಈಗ ಅವಳು ಮುಂದಿನದನ್ನು ಲೆಕ್ಕ ಹಾಕಿದಳು. ಸಾಲು ಅಚ್ಚಾದರೆ ಹೊಸ ಕಡತ, ಕಡತವಾದರೆ ಚಪ್ಪಡಿ, ಚಪ್ಪಡಿ ಬಿದ್ದರೆ ಅಮ್ಮನ ಕುರ್ಚಿ ವಾಪಸು ಕಿಟಕಿಯ ಪಕ್ಕಕ್ಕೆ.

"ಆಗ್ಲಿ ಸರ್. ಅವಸರ ಏನಿಲ್ಲ," ಎಂದುಬಿಟ್ಟಳು. "ಜಾಗ ಇದ್ದಾಗ ಹಾಕೋಣ."

ಸಂಪಾದಕರು ಅವಳನ್ನು ವಿಚಿತ್ರವಾಗಿ ನೋಡಿದರು. ಅವಸರ ಮಾಡದ ವರದಿಗಾರ್ತಿಯನ್ನು ಅವರು ಅಂದೇ ಕಂಡದ್ದು. ಮಾರನೆಯ ದಿನ ಕೇಳಿದಾಗ ಪುಟ್ಟಿ ಜ್ವರದ ಸುದ್ದಿ ಮುಖ್ಯ ಎಂದಳು. ಅದರ ಮಾರನೆಯ ದಿನ ಸೊಳ್ಳೆ. ಊರಿನ ಗುಂಡಿಗಳ ಬಗ್ಗೆ ವರ್ಷವಿಡೀ ಪುರಸಭೆಯ ಮೇಲೆ ಕೂಗಾಡಿದವಳು ಒಂದು ಗುಂಡಿಯನ್ನು ಕೋಳಿ ಮೊಟ್ಟೆಯ ಮೇಲೆ ಕೂತಂತೆ ಕಾಪಾಡುತ್ತಿದ್ದಳು. ತಪ್ಪೆಂದು ಗೊತ್ತಿತ್ತು. ಅಮ್ಮ ಅಲ್ಲೇ ಇದ್ದಾರಲ್ಲ, ಯಾರು ಬೀಳುತ್ತಾರೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ರಾತ್ರಿ ಹೊತ್ತಿಗೆ ಟೈಲರ್ ಅಡ್ಡಲಾಗಿ ಹಲಗೆ ಇಡುತ್ತಾನಲ್ಲ ಎಂದೂ ಸೇರಿಸಿಕೊಳ್ಳುತ್ತಿದ್ದಳು. ಆದರೂ ಊಟ ಬಡಿಸುವಾಗ ಅಮ್ಮ ನಕ್ಕರೆ, ಇನ್ನೊಂದು ದಿನ, ಇನ್ನೊಂದೇ ದಿನ ಎನ್ನಿಸುತ್ತಿತ್ತು.

ರಜೆಯ ದಿನ ಬೆಳಿಗ್ಗೆ ಪುಟ್ಟಿ ಅಮ್ಮನ ಜೊತೆಗೇ ಹೋಗಿ ಸ್ಟೂಲಿನ ಮೇಲೆ ಕುಳಿತಿದ್ದಳು. ಅಮ್ಮ ಬಾಯಾರಿಕೆಯೆಂದು ಎದ್ದು ಮನೆಗೆ ಹೋದರು. ಅಷ್ಟರಲ್ಲಿ ಪುಟ್ಟಿಗೆ ಫೋನು ಬಂತು, ಅವಳು ಮುಖ ಆ ಕಡೆ ತಿರುಗಿಸಿದಳು. ಹಾಲಿನವನು ತಿರುವಿನಲ್ಲಿ ಸೈಕಲ್ ಹೊಡೆದುಕೊಂಡು ಬಂದ. ಕುರ್ಚಿಯಲ್ಲಿ ಸಿಸ್ಟರಮ್ಮ ಇರುತ್ತಾರೆ, ಕೂಗುತ್ತಾರೆ ಎಂಬುದು ಅವನಿಗೆ ಎಷ್ಟು ರೂಢಿಯಾಗಿತ್ತೆಂದರೆ, ಕೂಗು ಕೇಳಿಸಲಿಲ್ಲವೆಂದ ಮೇಲೆ ಗುಂಡಿಯೂ ಇಲ್ಲ ಎಂದುಕೊಂಡ.

ಮುಂದಿನ ಚಕ್ರ ಒಳಗಿಳಿಯಿತು. ಕ್ಯಾನುಗಳು ಉರುಳಿದವು. ಬೀದಿಯೆಲ್ಲ ಬೆಳ್ಳಗಾಯಿತು, ಅದರೊಳಗೆ ಅಲ್ಲೊಂದು ಇಲ್ಲೊಂದು ಕೆಂಪು.

ಅಮ್ಮ ನೀರಿನ ಲೋಟ ಬಿಸಾಡಿ ಓಡಿ ಬಂದರು. ಮಂಡಿ ಕಿತ್ತುಹೋಗಿತ್ತು, ಮೂಳೆ ಮುರಿದಿರಲಿಲ್ಲ. ಅವನನ್ನು ಕುರ್ಚಿಯಲ್ಲಿ ಕೂರಿಸಿ, ಟೈಲರನಿಂದ ಬಿಸಿನೀರು ತರಿಸಿ, ಅಮ್ಮ ನೆಲದ ಮೇಲೆ ಕುಳಿತು ಗಾಯ ತೊಳೆಯತೊಡಗಿದರು. ಪುಟ್ಟಿ ಹತ್ತಿ ಹಿಡಿದು ನಿಂತಿದ್ದಳು. ಸರಿಯಾಗಿ ಆ ಹೊತ್ತಿಗೇ, ಹೆಂಡತಿಯ ಕಾಟ ತಾಳಲಾರದೆ ಬಿಪಿ ತೋರಿಸಲು ಬಂದ ಸಂಪಾದಕರು ಜನರನ್ನು ಸರಿಸಿಕೊಂಡು ಮುಂದೆ ಬಂದರು.

"ಛೆ ಛೆ," ಎಂದರು ಹಾಲನ್ನೂ ರಕ್ತವನ್ನೂ ನೋಡಿ. "ನಾನು ಹೋದ ವಾರವೇ ಹಾಕೋಣ ಅಂದೆ. ನಿಮ್ಮ ಮಗಳೇ ಅವಸರ ಇಲ್ಲ, ಅವಸರ ಇಲ್ಲ ಅಂತ ದಿನ ತಳ್ಳಿದ್ಲು."

ಅಮ್ಮ ತಲೆಯೆತ್ತಿ ಮಗಳನ್ನು ನೋಡಿದರು. ಬೈಯಲಿಲ್ಲ. ಪುಟ್ಟಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು, ಪಕ್ಕದಲ್ಲೇ ಬಿಟ್ಟುಕೊಂಡಿತ್ತು.

"ಯಾಕೆ ಪುಟ್ಟಿ?"

"ನೀನು ಮತ್ತೆ ಕಿಟಕಿ ಹತ್ರ ಕೂತ್ಕೋತೀಯ ಅಂತ." ಎಂದಳು ಪುಟ್ಟಿ. "ಇಲ್ಲಿ ಬಂದ್ಮೇಲೆ ನೀನು ನಗ್ತಿದ್ದೆ ಅಮ್ಮ. ನನ್ನ ಬೈತಿದ್ದೆ. ಅದು ನಿಂತುಹೋಗತ್ತೆ ಅಂತ ಹೆದರಿಕೆ ಆಯ್ತು."

ಹಾಲಿನವನು ನರಳುವುದನ್ನು ಬಿಟ್ಟು ತಾಯಿ ಮಗಳನ್ನು ನೋಡಿದ. ಅಮ್ಮ ಮಗಳ ಕೈಯಿಂದ ಹತ್ತಿ ತೆಗೆದುಕೊಂಡು ಮತ್ತೆ ಗಾಯಕ್ಕೆ ಬಗ್ಗಿದರು.

"ಅಷ್ಟು ವರ್ಷ ಗಾಯ ತೊಳೆದಿದೀನಿ," ಎಂದರು, ಮೆತ್ತಗೆ. "ಇದು ವಾಸಿಯಾಗದಿರ್ಲಿ, ನಾಳೆನೂ ನನಗೆ ಕೆಲಸ ಇರ್ಲಿ ಅಂತ ಒಂದು ದಿನ ಅನ್ಕೊಂಡಿಲ್ಲ ಕಣೇ. ಹೋಗು. ಬರ್ದು ಕೊಡು."

ಪುಟ್ಟಿ ಅಲ್ಲೇ ಸ್ಟೂಲಿನ ಮೇಲೆ ಕುಳಿತು ಬರೆದಳು. 'ಹೆಚ್ಚಿನ ವಿವರ' ಎಂದು ಬರೆಯಲಿಲ್ಲ. 'ತಿದ್ದುಪಡಿ' ಎಂದು ಬರೆದು, ಕೆಳಗೆ, ಫೋಟೋ ತಪ್ಪು, ತಡವಾದದ್ದೂ ತಪ್ಪು, ವಿಷಾದಿಸುತ್ತೇವೆ ಎಂದಳು. ಸಂಪಾದಕರು ಓದಿ ಬಾಯಿ ತೆರೆದರು. ಆದರೆ ಅಷ್ಟರಲ್ಲಿ ಅಮ್ಮ ಅವರ ತೋಳಿಗೆ ಪಟ್ಟಿ ಸುತ್ತಿಯಾಗಿತ್ತು. "ಮಾತಾಡ್ಬೇಡಿ. ಮಾತಾಡಿದ್ರೆ ಏರುತ್ತೆ." ಅವರು ಬಾಯಿ ಮುಚ್ಚಿಕೊಂಡರು, ತಿದ್ದುಪಡಿ ಆ ಸಂದಿನಲ್ಲಿ ನುಸುಳಿಹೋಯಿತು.

ಓವರ್‌ಸಿಯರ್ ಮಾತಿಗೆ ತಪ್ಪಲಿಲ್ಲ. ಹೊಸ ಕಡತ ತೆರೆದರು, ಫ್ಲ್ಯಾಶ್ ತಾನೇ ನಡೆದು ಬಂದು, ಟೈಲರ್ ಅಂಗಡಿಯ ಗೋಡೆ ಕಾಣುವಂತೆ, ಸಿಸ್ಟರಮ್ಮ ಹೇಳಿದ ಕೋನದಿಂದಲೇ ಫೋಟೋ ತೆಗೆದ. ಚಪ್ಪಡಿ ಬಂತು. ಸಿಮೆಂಟು ಹಸಿಯಿದ್ದ ದಿನ ಯಾರೂ ತುಳಿಯದಂತೆ ಅಮ್ಮ ಇನ್ನೊಂದು ದಿನ ಕಾವಲು ಕುಳಿತರು. ಸಂಜೆ ಕಿರುಬೆರಳಿನಿಂದ ಅಂಚು ಮುಟ್ಟಿ ನೋಡಿ, "ಗಟ್ಟಿಯಾಯ್ತು," ಎಂದು ಕುರ್ಚಿ ಮಡಚಿದರು.

ಮರುದಿನ ಬೆಳಿಗ್ಗೆ ಅಮ್ಮ ಕಿಟಕಿಯ ಪಕ್ಕವೇ ಕುಳಿತರು. ಬಿಪಿ ಯಂತ್ರ ಸೀರೆಗಳ ಕೆಳಗೆ ಹೋಗಿತ್ತು. ಪುಟ್ಟಿ ಆಫೀಸಿಗೆ ಹೊರಟವಳು ಹೊಸ್ತಿಲಲ್ಲಿ ಚಪ್ಪಲಿಗೆ ಕಾಲು ತೂರಿಸುತ್ತಾ ಸುಮ್ಮನೆ ಹೊತ್ತು ಕಳೆಯುತ್ತಿದ್ದಳು. ಏನಾದರೂ ಬೈ ಅಮ್ಮ ಎಂದು ಮನಸ್ಸಿನಲ್ಲೇ ಅಂಗಲಾಚುತ್ತಿದ್ದಳು. ಅಮ್ಮ ಹೊರಗೆ ನೋಡುತ್ತಿದ್ದರು.

ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ಒಂದಲ್ಲ, ಹಲವು. ಬಾಗಿಲಲ್ಲಿ ಟೈಲರ್ ನಿಂತಿದ್ದ, ಅಂಗಿಯ ತೋಳು ಮೇಲಕ್ಕೆ ಸುತ್ತಿಕೊಂಡು. ಅವನ ಹಿಂದೆ ಮಂಡಿಗೆ ಪಟ್ಟಿ ಕಟ್ಟಿದ ಹಾಲಿನವನು, ಅವನ ಹಿಂದೆ ಈಗಿನಿಂದಲೇ ಉಸಿರು ಬಿಗಿಹಿಡಿದ ಮೇಷ್ಟ್ರು, ಕೆಳಗಿನ ಮೆಟ್ಟಿಲಲ್ಲಿ ಕಂಬಿ ಹಿಡಿದು ನಿಂತ ಅಜ್ಜಿ.

"ಏನಮ್ಮ ಇದು?" ಎಂದ ಟೈಲರ್, ನಿಜವಾಗಿಯೂ ಸಿಟ್ಟಿನಿಂದ. "ಆಗ್ಲಿಂದ ಚಪ್ಪಡಿ ಮೇಲೆ ನಿಂತಿದೀವಿ. ಗುಂಡಿ ಮುಚ್ಚಿದ್ರೆ ನಮ್ಮ ಬಿಪಿನೂ ಮುಚ್ಚಿಹೋಗುತ್ತಾ?"

ಅಮ್ಮ ಅವನನ್ನು ನೋಡಿದರು, ಅವನ ಹಿಂದಿನ ಸಾಲನ್ನು ನೋಡಿದರು. ಸೆರಗಿನಿಂದ ಮುಖ ಒರೆಸಿಕೊಂಡರು, ಅದಕ್ಕೆ ಸ್ವಲ್ಪ ಹೆಚ್ಚೇ ಹೊತ್ತು ಹಿಡಿಯಿತು. ಆಮೇಲೆ ಎದ್ದು ನಿಂತು, ಇಡೀ ಬೀದಿಗೆ ಕೇಳಿಸುವ ದನಿಯಲ್ಲಿ ಕೂಗಿದರು.

"ಪುಟ್ಟೀ! ಬಾಗಿಲಿಗೆ ಅಡ್ಡ ಯಾಕೆ ನಿಂತಿದೀಯ ಕತ್ತೆ ಹಾಗೆ? ಆ ಕುರ್ಚಿ ತಗೋ!"

ಪುಟ್ಟಿ ಕುರ್ಚಿಯನ್ನು ಕಂಕುಳಲ್ಲಿ ಇರುಕಿಕೊಂಡು ಎಲ್ಲರಿಗಿಂತ ಮುಂದೆ ಮೆಟ್ಟಿಲಿಳಿದಳು. ಅಂದು ಅವಳು ಆಫೀಸಿಗೆ ತಡವಾಗಿ ಹೋದಳು.